ಬಂದೂಕಿನ ನೆರಳಿನಲ್ಲಿ ನಮ್ಮ ಹದಿಹರೆಯದ ಮಕ್ಕಳು

(ಶತಮಾನೋತ್ಸವದ ಅಂಗವಾಗಿ ಕಲ್ಮಲದಲ್ಲಿ ಕೂಡಿದ ತಂದೆತಾಯಿಯರ ಹಾಗೂ ಯುವಜನರ ಸಭೆಯಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣದ ಲಿಖಿತ ರೂಪ)



ನೂರು ವರುಷಗಳ ಸಂಭ್ರಮದ ಈ ದಿನಗಳಲ್ಲಿ ಮಂಗಳಕರವಾದ ವಿಷಯವೊಂದನ್ನು ಕುರಿತು ಮಾತನಾಡಬೇಕೆಂದು ತಮ್ಮಲ್ಲಿ ಅನೇಕರು ಅಪೇಕ್ಷಿಸಿದ್ದೀರಿ. ಆದರೆ ಹಬ್ಬದ ಮನೆಯಲ್ಲಿಯೂ ಹಿರಿಯನಾದವನು ಒಮ್ಮೆ ಎದ್ದು ಹಿತ್ತಲ ಬಾಗಿಲಿಗೆ ಅಗಳಿ ಹಾಕಿದೆಯೇ ಎಂದು ನೋಡಿ ಬರುತ್ತಾನೆ. ಇಂದು ನಾವು ಮಾಡಬೇಕೆಂದಿರುವುದು ಅಷ್ಟೇ ಕೆಲಸ. ನಮ್ಮ ಮಕ್ಕಳು, ಅದರಲ್ಲಿಯೂ ಹದಿಮೂರರಿಂದ ಹತ್ತೊಂಬತ್ತರ ವಯಸ್ಸಿನ ಮಕ್ಕಳು, ಬಂದೂಕನ್ನು ಕಂಡಾಗ, ಮುಟ್ಟಿದಾಗ, ಅದಕ್ಕೆ ಎದುರಾದಾಗ ಅವರ ಮನಸ್ಸಿನಲ್ಲಿ ಏನಾಗುತ್ತದೆ ಎಂಬುದನ್ನು ತಮ್ಮೆದುರಿಗೆ ಇಡಬಯಸುತ್ತೇವೆ.

“ನಮ್ಮೂರಿನಲ್ಲಿ ಬಂದೂಕು ಎಲ್ಲಿದೆ ಫಾದರ್? ಇಲ್ಲಿರುವುದು ಹತ್ತಿ, ಜೋಳ, ಬಿಸಿಲು” ಎಂದು ತಾವು ಕೇಳಬಹುದು. ಆದುದರಿಂದ ಮೊದಲು ನಾವೇ ಕಣ್ಣಾರೆ ಕಂಡ ಒಂದು ಪ್ರಸಂಗವನ್ನು ಹೇಳುತ್ತೇವೆ. ಊರಿನ ಹೆಸರನ್ನಾಗಲಿ ಮನೆಯ ಹೆಸರನ್ನಾಗಲಿ ಹೇಳುವುದಿಲ್ಲ; ತಾವೂ ಊಹಿಸುವುದು ಬೇಡ.

ಅನೇಕ ವರುಷಗಳ ಹಿಂದಿನ ಮಾತು. ಈ ಸೀಮೆಯ ಬೇರೊಂದು ಧರ್ಮಕೇಂದ್ರದಲ್ಲಿ ನಾವು ಸೇವೆಯಲ್ಲಿದ್ದೆವು. ಸೈನ್ಯದಿಂದ ನಿವೃತ್ತನಾಗಿ ಬಂದ ಒಬ್ಬ ಸದ್ಗೃಹಸ್ಥನು ಬ್ಯಾಂಕೊಂದರಲ್ಲಿ ಕಾವಲುಗಾರನಾಗಿದ್ದನು. ಜೋಡುನಳಿಗೆಯ ಬಂದೂಕು ಅವನದೇ. ಪರವಾನಗಿಯೂ ಅವನ ಹೆಸರಿನಲ್ಲಿತ್ತು. ಸಂಜೆ ಮನೆಗೆ ಬಂದು ಅದನ್ನು ಮಂಚದ ಮೇಲಿನ ಗೂಟಕ್ಕೆ ತೂಗುಹಾಕುತ್ತಿದ್ದನು. ತೋಟಾಗಳನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕುತ್ತಿದ್ದನು. ಬಂದೂಕಿಗೆ ಮಾತ್ರ ಬೀಗವಿರಲಿಲ್ಲ.

ಒಂದು ಸಂಜೆ ದೇವಾಲಯದ ಅಂಗಳದಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿದ್ದರು. ಚೆಂಡು ನೆಲ ಮುಟ್ಟಿತ್ತೋ ಇಲ್ಲವೋ ಎಂಬಷ್ಟಕ್ಕೇ ಜಗಳವಾಯಿತು. ಕಾವಲುಗಾರನ ಮಗ, ಹದಿನೈದು ವರುಷದವನು, ಮನೆಗೆ ಓಡಿ ಹೋಗಿ ಬಂದೂಕನ್ನು ತಂದು ಹದಿಮೂರು ವರುಷದ ಇನ್ನೊಬ್ಬ ಹುಡುಗನ ಎದೆಗೆ ಹಿಡಿದನು. ಕುದುರೆಯನ್ನೂ ಎಳೆದನು. ‘ಟಕ್’ ಎಂಬ ಸದ್ದಷ್ಟೇ ಬಂದಿತು. ಜಪಸರ ಮುಗಿಸಿ ಹೊರಬರುತ್ತಿದ್ದ ನಾವು ಬಂದೂಕನ್ನು ಕಸಿದುಕೊಳ್ಳುವಷ್ಟರಲ್ಲಿ ತಂದೆಯೂ ಓಡಿ ಬಂದನು. ನಳಿಗೆಯನ್ನು ಮುರಿದು ತೋರಿಸಿ, “ಖಾಲಿ ಐತ್ರೀ ಫಾದರ್, ಖಾಲಿ ಬಂದೂಕು” ಎಂದನು. ಉಸಿರು ಬಿಗಿಹಿಡಿದು ನಿಂತಿದ್ದ ಜನರೆಲ್ಲ ಒಮ್ಮೆಲೇ ನಕ್ಕರು. ಎದುರಿಗೆ ನಿಂತಿದ್ದ ಹುಡುಗನ ಚಡ್ಡಿ ಒದ್ದೆಯಾಗಿದ್ದುದನ್ನು ಕಂಡು ಮತ್ತೂ ನಕ್ಕರು. ನಾವೂ ನಕ್ಕೆವು. ಬಂದೂಕು ಹಿಡಿದವನನ್ನು ಮೊಣಕಾಲೂರಿಸಿ, ಇಬ್ಬರ ಕೈಗಳನ್ನೂ ಕೂಡಿಸಿ, ಪ್ರಕರಣ ಮುಗಿಯಿತೆಂದು ಭಾವಿಸಿದೆವು.

ಅದು ಮುಗಿದಿರಲಿಲ್ಲವೆಂಬುದು ತಿಳಿದದ್ದು ಒಂದೂವರೆ ವರುಷದ ತರುವಾಯ. ಆ ಮಾತಿಗೆ ಮುಂದೆ ಬರುತ್ತೇವೆ.

ನಮ್ಮ ನೆಲಕ್ಕೆ ಬಂದೂಕು ಹೊಸದೇನಲ್ಲ. 1520ರಲ್ಲಿ ಶ್ರೀಕೃಷ್ಣದೇವರಾಯನು ಬಿಜಾಪುರದ ವಶದಲ್ಲಿದ್ದ ರಾಯಚೂರಿನ ಕೋಟೆಗೆ ಮುತ್ತಿಗೆ ಹಾಕಿದಾಗ, ಕ್ರಿಸ್ತೊವಾವ್ ದೆ ಫಿಗೆರೆದೊ ಎಂಬ ಪೋರ್ಚುಗೀಸನೂ ಅವನ ಕೆಲವು ಬಂದೂಕುಗಾರರೂ ಕೋಟೆಯ ಮೇಲಿದ್ದ ಕಾವಲಿನವರನ್ನು ಗುರಿಯಿಟ್ಟು ಹೊಡೆದು ರಾಯನ ಸೈನ್ಯಕ್ಕೆ ದಾರಿ ಮಾಡಿಕೊಟ್ಟ ವೃತ್ತಾಂತವನ್ನು ಪೋರ್ಚುಗೀಸ್ ವರ್ತಕ ನ್ಯೂನಿಜ್ ಬರೆದಿಟ್ಟಿದ್ದಾನೆ. ಅಂದರೆ ಐನೂರು ವರುಷಗಳ ಹಿಂದೆಯೇ ಬಂದೂಕಿನ ಬಲವೇನೆಂಬುದನ್ನು ಈ ಎಡೆದೊರೆ ನಾಡು ಕಂಡಿತ್ತು. 1857ರಲ್ಲಿ ಆಂಗ್ಲರು ನಿಶ್ಶಸ್ತ್ರೀಕರಣದ ಕಾಯಿದೆಯನ್ನು ತಂದಾಗ ಮುಧೋಳ ಸೀಮೆಯ ಹಲಗಲಿಯ ಬೇಡರು ಆಯುಧ ಒಪ್ಪಿಸಲು ನಿರಾಕರಿಸಿ ಪ್ರಾಣ ತೆತ್ತರು. ಅವರ ಲಾವಣಿಯನ್ನು ನಮ್ಮ ಮಕ್ಕಳು ಶಾಲೆಯಲ್ಲಿ ಓದುತ್ತಾರೆ. 1948ರ ಸೆಪ್ಟೆಂಬರಿನಲ್ಲಿ ಪೋಲೀಸ್ ಕಾರ್ಯಾಚರಣೆಯಿಂದ ಹೈದರಾಬಾದ್ ಸಂಸ್ಥಾನವು ಭಾರತದಲ್ಲಿ ಸೇರುವುದಕ್ಕೆ ಮೊದಲು ರಜಾಕಾರರ ಕಾಟದಲ್ಲಿ ಈ ಭಾಗದ ಜನ ಪಟ್ಟ ಪಾಡನ್ನು ನಾವು ಹಿರಿಯರ ಬಾಯಿಂದ ಕೇಳಿದ್ದೇವೆ. ಬಂದೂಕಿನ ಸದ್ದು ಕೇಳಿದೊಡನೆ ಜೋಳದ ಹೊಲದಲ್ಲಿ ಅಡಗುತ್ತಿದ್ದ ಮಕ್ಕಳು, ಮುದುಕರಾದ ಮೇಲೆಯೂ ದೀಪಾವಳಿಯ ಪಟಾಕಿಗೆ ಬೆಚ್ಚುತ್ತಿದ್ದರು.

ಈ ಇತಿಹಾಸದಲ್ಲಿ ಎರಡು ಮುಖಗಳಿವೆಯೆಂಬುದನ್ನು ಗಮನಿಸಬೇಕು. ಒಂದು, ಬಂದೂಕು ಮಾನದ ಗುರುತು. ಇನ್ನೊಂದು, ಬಂದೂಕು ಭಯದ ಮೂಲ. ಹದಿನೈದರ ಹುಡುಗನು ಬಂದೂಕನ್ನು ನೋಡುವಾಗ ಈ ಎರಡನ್ನೂ ಒಟ್ಟಿಗೆ ನೋಡುತ್ತಾನೆ. ತನಗೆ ಮಾನ, ಎದುರಿನವನಿಗೆ ಭಯ: ಇದಕ್ಕಿಂತ ದೊಡ್ಡ ಆಮಿಷ ಆ ವಯಸ್ಸಿಗೆ ಬೇರೊಂದಿಲ್ಲ.

ಈ ವಿಷಯವನ್ನು ವಿದ್ವಾಂಸರು ಪರೀಕ್ಷೆಗೆ ಒಡ್ಡಿದ್ದಾರೆ. 1967ರಲ್ಲಿ ಅಮೆರಿಕದ ಲಿಯೊನಾರ್ಡ್ ಬರ್ಕೊವಿಟ್ಜ್ ಹಾಗೂ ಆಂಥೊನಿ ಲಿಪೇಜ್ ಎಂಬ ಮನೋವಿಜ್ಞಾನಿಗಳು ನೂರು ಮಂದಿ ವಿದ್ಯಾರ್ಥಿಗಳ ಮೇಲೆ ಒಂದು ಪ್ರಯೋಗ ನಡೆಸಿದರು. ಕೆಲವರಿಗೆ ಜೊತೆಗಾರನಿಂದ ಏಳು ಬಾರಿ ಸಣ್ಣ ವಿದ್ಯುದಾಘಾತ ಕೊಡಿಸಿ ಸಿಟ್ಟು ಬರಿಸಿದರು; ಇನ್ನು ಕೆಲವರಿಗೆ ಒಂದೇ ಬಾರಿ. ಬಳಿಕ ಜೊತೆಗಾರನಿಗೆ ಆಘಾತ ಕೊಡುವ ಸರದಿ ಇವರದಾಯಿತು. ಕೆಲವರ ಮುಂದಿನ ಮೇಜಿನ ಮೇಲೆ ಬಂದೂಕು ಮತ್ತು ರಿವಾಲ್ವರು ಬಿದ್ದಿದ್ದವು. ಕೆಲವರ ಮುಂದೆ ಬ್ಯಾಡ್ಮಿಂಟನ್ ಆಟದ ಬ್ಯಾಟುಗಳಿದ್ದವು. ಕೆಲವರ ಮುಂದೆ ಏನೂ ಇರಲಿಲ್ಲ. ಸಿಟ್ಟುಗೊಂಡವರಲ್ಲಿ ಅತಿ ಹೆಚ್ಚು ಆಘಾತ ಕೊಟ್ಟವರು ಬಂದೂಕನ್ನು ಕಂಡವರು. ಅದನ್ನು ಯಾರೂ ಮುಟ್ಟಿರಲಿಲ್ಲ, ಬಳಸಿರಲಿಲ್ಲ. ಬರಿಯ ನೋಟವೇ ಸಾಕಾಗಿತ್ತು.

ಇಲ್ಲಿ ಪ್ರಾಮಾಣಿಕವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ತರುವಾಯ ಇದೇ ಪ್ರಯೋಗವನ್ನು ಮಾಡಿದ ಬೇರೆ ಕೆಲವರಿಗೆ ಅದೇ ಫಲ ದೊರೆಯಲಿಲ್ಲ. ಐವತ್ತು ವರುಷಗಳ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ 2018ರಲ್ಲಿ ಮಾಡಿದ ಪರಿಶೀಲನೆಯಲ್ಲಿ, ಆಯುಧದ ದರ್ಶನದಿಂದ ಮನಸ್ಸಿನಲ್ಲಿ ಕಲಹದ ಆಲೋಚನೆಗಳು ಏಳುವವೆಂಬುದು ದೃಢಪಟ್ಟಿತು. ಆ ಆಲೋಚನೆ ಕೈಗೆ ಇಳಿಯುವುದೆಂಬುದಕ್ಕೆ ಸಾಕ್ಷ್ಯವು ಅಷ್ಟು ಗಟ್ಟಿಯಾಗಿ ಕಾಣಲಿಲ್ಲ. ಆದುದರಿಂದ ಬಂದೂಕನ್ನು ಕಂಡವರೆಲ್ಲರೂ ಕ್ರೂರಿಗಳಾಗುತ್ತಾರೆಂದು ನಾವು ಹೇಳುವುದಿಲ್ಲ. ಸಿಟ್ಟಿನ ಬೆಂಕಿ ಇರುವಲ್ಲಿ ಬಂದೂಕು ಗಾಳಿ ಹಾಕಬಲ್ಲುದು ಎಂದಷ್ಟೇ ಹೇಳುತ್ತೇವೆ. ಹದಿಹರೆಯದಲ್ಲಿ ಆ ಬೆಂಕಿ ಇಲ್ಲದ ದಿನವಾದರೂ ಯಾವುದು? ಆವೇಶವನ್ನು ತಡೆದು ನಿಲ್ಲಿಸುವ ಮಿದುಳಿನ ಮುಂಭಾಗವು ಇಪ್ಪತ್ತರ ವಯಸ್ಸು ದಾಟಿದ ಮೇಲೆಯೂ ಬೆಳೆಯುತ್ತಲೇ ಇರುತ್ತದೆಂದು ವೈದ್ಯರು ಹೇಳುತ್ತಾರೆ. ಎತ್ತಿಗೆ ಬಲ ಬಂದಿದೆ, ಮೂಗುದಾರ ಇನ್ನೂ ಬಿಗಿಯಾಗಿಲ್ಲ. ಇದೇ ಆ ವಯಸ್ಸಿನ ಸ್ಥಿತಿ.

ಮಕ್ಕಳ ವಿಷಯದಲ್ಲಿ ಇನ್ನೂ ಸ್ಪಷ್ಟವಾದ ಒಂದು ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಎಂಟರಿಂದ ಹನ್ನೆರಡು ವರುಷದ 104 ಮಕ್ಕಳಿಗೆ ಚಲನಚಿತ್ರದ ತುಣುಕನ್ನು ತೋರಿಸಿದರು. ಕೆಲವರು ಕಂಡ ತುಣುಕಿನಲ್ಲಿ ಬಂದೂಕುಗಳಿದ್ದವು, ಉಳಿದವರದರಲ್ಲಿ ಅವನ್ನು ತೆಗೆದುಹಾಕಲಾಗಿತ್ತು. ಆಮೇಲೆ ಆಟಿಕೆಗಳಿದ್ದ ಕೋಣೆಗೆ ಅವರನ್ನು ಬಿಟ್ಟರು. ಅಲ್ಲಿನ ಖಾನೆಯೊಂದರಲ್ಲಿ ಗುಂಡು ಹಾರದಂತೆ ಮಾಡಿದ ನಿಜವಾದ ಪಿಸ್ತೂಲಿತ್ತು. ಬಂದೂಕಿನ ದೃಶ್ಯ ಕಂಡ ಮಕ್ಕಳು ಆ ಪಿಸ್ತೂಲನ್ನು ಹೆಚ್ಚು ಹೊತ್ತು ಹಿಡಿದರು, ಹೆಚ್ಚು ಬಾರಿ ಕುದುರೆ ಎಳೆದರು. ಕಣ್ಣು ಕಂಡದ್ದನ್ನು ಕೈ ಮಾಡಿ ನೋಡಿತು.

ಇನ್ನು 2005ರಲ್ಲಿ ಷಿಕಾಗೊ ನಗರದ ಸಾವಿರಕ್ಕೂ ಹೆಚ್ಚು ಹದಿಹರೆಯದವರನ್ನು ಕುರಿತು ಪ್ರಕಟವಾದ ಅಧ್ಯಯನವೇ ನಮ್ಮ ನಿದ್ದೆಯನ್ನು ಕೆಡಿಸಿದ್ದು. ಗುಂಡಿನ ಹಿಂಸೆಗೆ ಗುರಿಯಾದ ಅಥವಾ ಅದನ್ನು ಕಣ್ಣೆದುರು ಕಂಡ ಮಕ್ಕಳು, ಮುಂದಿನ ಎರಡು ವರುಷಗಳಲ್ಲಿ ತಾವೇ ಘೋರ ಹಿಂಸೆಗೆ ಕೈಹಾಕುವ ಸಂಭವವು ಸರಿಸುಮಾರು ಎರಡರಷ್ಟಾಗುತ್ತದೆ ಎಂಬುದು ಅದರ ಸಾರ. ಬಂದೂಕು ಹಿಡಿದವನ ಮಾತಲ್ಲ ಇದು. ಬಂದೂಕಿನ ಎದುರಿಗೆ ನಿಂತವನ, ಪಕ್ಕದಲ್ಲಿ ನಿಂತು ನೋಡಿದವನ ಮಾತು.

ಈಗ ಆ ಒದ್ದೆ ಚಡ್ಡಿಯ ಹುಡುಗನ ಮಾತಿಗೆ ಬರುತ್ತೇವೆ.

ಆ ಸಂಜೆಯ ಬಳಿಕ ಅವನು ಆಟಕ್ಕೆ ಬರುವುದನ್ನು ಬಿಟ್ಟನು. ಧರ್ಮೋಪದೇಶದ ತರಗತಿಯಲ್ಲಿ ಕೊನೆಯ ಸಾಲಿನಲ್ಲಿ, ಗೋಡೆಗೆ ಬೆನ್ನು ಕೊಟ್ಟು ಕುಳಿತುಕೊಳ್ಳುತ್ತಿದ್ದನು. ಲಾರಿಯ ಟೈರು ಸಿಡಿದರೂ ರಾತ್ರಿ ಎದ್ದು ಕೂಡುತ್ತಾನೆಂದು ತಾಯಿ ಒಮ್ಮೆ ಹೇಳಿದಳು. “ಬೆಳೆಯುವ ಹುಡುಗ, ಸರಿಹೋಗುತ್ತಾನಮ್ಮಾ” ಎಂದು ಹೇಳಿ ಕಳುಹಿಸಿದೆವು. ಒಂದೂವರೆ ವರುಷದ ನಂತರ, ವಸತಿನಿಲಯದಲ್ಲಿ ತನಗಿಂತ ಚಿಕ್ಕವನೊಬ್ಬನು ಹಾಸ್ಯ ಮಾಡಿದನೆಂದು, ಕಬ್ಬಿಣದ ಸರಳಿನಿಂದ ಅವನ ಕೈ ಮುರಿದನು. ವಿಷಯ ತಿಳಿದು ನಾವು ಹೋದೆವು. ಹುಡುಗನು ಬಹಳ ಹೊತ್ತು ಬಾಯಿ ಬಿಡಲಿಲ್ಲ. ಕಡೆಗೆ ಹೇಳಿದ್ದು ಇಷ್ಟೇ: “ಅವತ್ತು ಎಲ್ರೂ ನಕ್ಕರಲ್ರೀ ಫಾದರ್. ನೀವೂ ನಕ್ರಿ. ಇನ್ನ ಯಾರೂ ನಗಬಾರ್ದು ಅಂತ ಮಾಡಿದ್ದೆ.”

ನಲವತ್ತಕ್ಕೂ ಹೆಚ್ಚು ವರುಷಗಳ ಗುರುಜೀವನದಲ್ಲಿ ನಾವು ಇತರರ ಪಾಪನಿವೇದನೆಗಳನ್ನು ಕೇಳಿದ್ದೇವೆ. ಅಂದು ನಮ್ಮ ತಪ್ಪನ್ನು ನಮಗೆ ಎಣಿಸಿ ಕೊಟ್ಟವನು ಹದಿನಾಲ್ಕು ದಾಟಿದ್ದ ಒಬ್ಬ ಬಾಲಕ. ಬಂದೂಕಿನಲ್ಲಿ ತೋಟಾ ಇರಲಿಲ್ಲವೆಂದು ನಾವು ಸಮಾಧಾನಪಟ್ಟೆವು. ತೋಟಾ ಇಲ್ಲವೆಂಬುದು ತಂದೆಗೆ ಗೊತ್ತಿತ್ತು, ಕ್ಷಣದ ನಂತರ ನಮಗೆ ಗೊತ್ತಾಯಿತು. ಕುದುರೆ ಎಳೆದ ಆ ಗಳಿಗೆಯಲ್ಲಿ ಅದರ ಎದುರಿಗೆ ನಿಂತವನಿಗೆ ಗೊತ್ತಿರಲಿಲ್ಲ. ಅವನ ಪಾಲಿಗೆ ಆ ಬಂದೂಕು ತುಂಬಿಯೇ ಇತ್ತು.

ಇಂಥ ಪ್ರಸಂಗಗಳು ಎಲ್ಲೆಡೆಯೂ ಖಾಲಿ ಸದ್ದಿನಲ್ಲಿ ಮುಗಿಯಲಿಲ್ಲ. 2007ರ ಡಿಸೆಂಬರಿನಲ್ಲಿ ದೆಹಲಿಯ ನೆರೆಯ ಗುಡಗಾಂವಿನ ಶಾಲೆಯೊಂದರಲ್ಲಿ ಎಂಟನೆಯ ತರಗತಿಯ ಬಾಲಕರು ತಮ್ಮ ಸಹಪಾಠಿಯನ್ನೇ ಗುಂಡಿಕ್ಕಿ ಕೊಂದರು. ಪಿಸ್ತೂಲು ಮನೆಯಿಂದ ತಂದದ್ದು, ತಂದೆಯದು. 2018ರ ಜನವರಿಯಲ್ಲಿ ಹರಿಯಾಣದ ಯಮುನಾನಗರದಲ್ಲಿ ಹನ್ನೆರಡನೆಯ ತರಗತಿಯ ವಿದ್ಯಾರ್ಥಿಯೊಬ್ಬನು ತಂದೆಯ ರಿವಾಲ್ವರಿನಿಂದ ಪ್ರಾಂಶುಪಾಲೆಯನ್ನು ಕೊಂದನು. ಈ ಎರಡು ಕಡೆಯೂ ಆಯುಧವು ಹುಡುಗರ ಕೈಗೆ ಬಂದದ್ದು ಮನೆಯಿಂದ, ತಂದೆಯಿಂದ ಎಂಬುದನ್ನು ತಂದೆಯರು ಗಮನಿಸಬೇಕು. ಬಂದೂಕು ಮನೆಮನೆಯಲ್ಲಿರುವ ಅಮೆರಿಕದಲ್ಲಿ 2020ರಲ್ಲಿ, ಒಂದರಿಂದ ಹತ್ತೊಂಬತ್ತು ವರುಷದವರ ಮರಣಗಳಿಗೆ ಕಾರಣಗಳಲ್ಲಿ ಗುಂಡೇಟು ಮೊದಲನೆಯದಾಯಿತು. ವಾಹನಗಳ ಅಪಘಾತವನ್ನೂ ಅದು ಹಿಂದೆ ಹಾಕಿತು.

“ಹಾಗಾದರೆ ಕೊಡಗಿನ ಮಾತೇನು ಫಾದರ್?” ಎಂದು ನಮ್ಮ ಯುವಕನೊಬ್ಬನು ಕೇಳಿದ್ದನು. ಒಳ್ಳೆಯ ಪ್ರಶ್ನೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಯ ಪರವಾನಗಿಯಿಂದ ವಿನಾಯಿತಿ ಉಂಟು. ಕೇಂದ್ರ ಸರ್ಕಾರವು 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು. ನಮ್ಮ ರಾಜ್ಯದ ಉಚ್ಚ ನ್ಯಾಯಾಲಯವು 2021ರಲ್ಲಿ ಎತ್ತಿಹಿಡಿಯಿತು. ಅಲ್ಲಿ ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಯನ್ನು ತೊಳೆದು, ತೋಕ್‌ಪೂವಿನಿಂದ ಸಿಂಗರಿಸಿ ಪೂಜಿಸುತ್ತಾರೆ. ತೆಂಗಿನಕಾಯಿಗೆ ಗುರಿಯಿಡುವ ಪಂದ್ಯ ನಡೆಸುತ್ತಾರೆ. ಅಲ್ಲಿನ ಮಕ್ಕಳು ಕೋವಿಯನ್ನು ಕಾಣುವುದು ಹಿರಿಯರ ಕೈಯಲ್ಲಿ, ಸಂಪ್ರದಾಯದ ಕಟ್ಟಿನಲ್ಲಿ. ಹಾಗೆಯೇ ಎನ್.ಸಿ.ಸಿ. ಶಿಬಿರದಲ್ಲಿ ಮಕ್ಕಳು ರೈಫಲ್ ಹಿಡಿಯುತ್ತಾರೆ. ಸೌರಭ್ ಚೌಧರಿ ಎಂಬ ಬಾಲಕನು ತನ್ನ ಹದಿನಾರನೆಯ ವಯಸ್ಸಿನಲ್ಲಿ, 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಪಿಸ್ತೂಲಿನ ಸ್ಪರ್ಧೆಯಲ್ಲಿ ಚಿನ್ನದ ಪದಕ ಗೆದ್ದು ದೇಶಕ್ಕೆ ಕೀರ್ತಿ ತಂದನು. ಇವರೆಲ್ಲರೂ ಮೊದಲು ಕಲಿಯುವ ಪಾಠ ಒಂದೇ: ಖಾಲಿಯಾಗಿದ್ದರೂ ನಳಿಗೆಯನ್ನು ಮನುಷ್ಯನ ಕಡೆಗೆ ತಿರುಗಿಸಬಾರದು. ಬಂದೂಕಿನ ಸಂಗಡ ಶಿಸ್ತನ್ನೂ ಕಂಡ ಮಗುವಿಗೂ, ಬಂದೂಕಿನ ಸಂಗಡ ಬರಿಯ ಪೌರುಷವನ್ನೇ ಕಂಡ ಮಗುವಿಗೂ ಅಂತರವಿದೆ.

ನಮ್ಮ ಮಕ್ಕಳು ಇಂದು ಎಂಥ ಬಂದೂಕನ್ನು ಕಾಣುತ್ತಿದ್ದಾರೆ? 2022ರಲ್ಲಿ ತೆರೆಕಂಡ ಕೆ.ಜಿ.ಎಫ್. ಚಿತ್ರದ ಎರಡನೆಯ ಭಾಗದಲ್ಲಿ ಯಂತ್ರಬಂದೂಕಿಗೆ ‘ದೊಡ್ಡಮ್ಮ’ ಎಂದು ಹೆಸರಿಟ್ಟಿದ್ದಾರೆ. ತಾಯಿಯ ಅಕ್ಕನಿಗೆ ಸಲ್ಲುವ ಅಕ್ಕರೆಯ ಹೆಸರು ಅದು! ಮಕ್ಕಳು ಚಪ್ಪಾಳೆ ತಟ್ಟಿದರು; ನಾವು ಅವರನ್ನು ದೂಷಿಸುವುದಿಲ್ಲ. ಮೊಬೈಲಿನ ಆಟಗಳಲ್ಲಿ ಎದುರಾಳಿ ಸತ್ತರೆ ಅಂಕ ಬರುತ್ತದೆ. ತಾನೇ ಸತ್ತರೆ ಮರುಕ್ಷಣದಲ್ಲಿ ಹೊಸ ಆಟ ತೆರೆಯುತ್ತದೆ. ಪಬ್‌ಜಿ ಎಂಬ ಆಟವನ್ನು 2020ರ ಸೆಪ್ಟೆಂಬರಿನಲ್ಲಿ ಸರ್ಕಾರವು ನಿಷೇಧಿಸಿತಾದರೂ ಅಂಥವು ಬೇರೆ ಹೆಸರಿನಲ್ಲಿ ಬಂದಿವೆ. ಅಮೆರಿಕದ ಮನೋವಿಜ್ಞಾನ ಸಂಘವು 2015ರಲ್ಲಿಯೂ 2020ರಲ್ಲಿಯೂ ಹೇಳಿದ್ದು ಇಷ್ಟು: ಹಿಂಸೆಯ ಆಟಗಳಿಗೂ ಜಗಳಗಂಟಿತನಕ್ಕೂ ನಂಟಿದೆ, ಆದರೆ ಕೊಲೆಯಂಥ ಅಪರಾಧಗಳಿಗೆ ಆ ಆಟಗಳೇ ಕಾರಣವೆನ್ನಲು ಸಾಕಷ್ಟು ಆಧಾರವಿಲ್ಲ. ಆದುದರಿಂದ ಮೊಬೈಲನ್ನು ಬಾವಿಗೆ ಎಸೆದೊಡನೆ ಕರ್ತವ್ಯ ಮುಗಿಯಿತೆಂದು ತಂದೆತಾಯಿಯರು ತಿಳಿಯಬಾರದು. ಮಗನು ಆಟದಲ್ಲಿ ಯಾರನ್ನು ಕೊಂದನೆಂಬುದಕ್ಕಿಂತ, ಮನೆಯಲ್ಲಿ ಸಿಟ್ಟು ಬಂದಾಗ ತಂದೆ ಏನು ಮಾಡುತ್ತಾನೆಂಬುದನ್ನು ಅವನು ಹೆಚ್ಚು ಚೆನ್ನಾಗಿ ಕಲಿಯುತ್ತಾನೆ.

ಕಾನೂನನ್ನೂ ತಿಳಿದಿರುವುದು ಒಳ್ಳೆಯದು. 1959ರ ಆಯುಧ ಕಾಯಿದೆಯಲ್ಲಿ ಬಂದೂಕು ಹೊಂದಲು ಮೊದಲು ಹದಿನಾರು ವರುಷದ ಮಿತಿಯಿತ್ತು. 1983ರ ತಿದ್ದುಪಡಿಯಿಂದ ಅದು ಇಪ್ಪತ್ತೊಂದಾಯಿತು. 2019ರ ತಿದ್ದುಪಡಿಯ ಮೇರೆಗೆ, ಮದುವೆ ಮೆರವಣಿಗೆಗಳಲ್ಲಿ ಸಂಭ್ರಮಕ್ಕೆಂದು ಅಜಾಗರೂಕತೆಯಿಂದ ಗುಂಡು ಹಾರಿಸಿ ಇತರರ ಪ್ರಾಣಕ್ಕೆ ಅಪಾಯ ತಂದರೆ ಎರಡು ವರುಷಗಳವರೆಗೆ ಸೆರೆವಾಸ, ಅಥವಾ ಒಂದು ಲಕ್ಷ ರೂಪಾಯಿಗಳವರೆಗೆ ದಂಡ, ಅಥವಾ ಎರಡೂ. 2015ರ ಬಾಲನ್ಯಾಯ ಕಾಯಿದೆಯ ಪ್ರಕಾರ ಹದಿನಾರು ದಾಟಿದವನು ಘೋರ ಅಪರಾಧ ಮಾಡಿದರೆ, ಪರಿಶೀಲನೆಯ ತರುವಾಯ ಅವನನ್ನು ವಯಸ್ಕನಂತೆಯೇ ವಿಚಾರಣೆಗೆ ಗುರಿಪಡಿಸಬಹುದು. ‘ಹುಡುಗಾಟ’ವೆಂಬ ಮಾತು ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ.

ಇನ್ನು ನಾವು ಮಾಡಬೇಕಾದುದೇನು? ನಾಲ್ಕೇ ಮಾತುಗಳನ್ನು ಹೇಳುತ್ತೇವೆ.

ಮೊದಲನೆಯದು, ತಮ್ಮಲ್ಲಿ ಕಾವಲು ಕೆಲಸಕ್ಕೆಂದೋ ಬೆಳೆ ಕಾಯಲೆಂದೋ ಪರವಾನಗಿಯ ಬಂದೂಕು ಇರಿಸಿಕೊಂಡವರು ಬಂದೂಕಿಗೆ ಒಂದು ಬೀಗ, ತೋಟಾಗಳಿಗೆ ಬೇರೊಂದು ಬೀಗ ಹಾಕಿರಿ. ಬೀಗದ ಕೈ ದೇವರ ಪಟದ ಹಿಂದೆ ಬೇಡ. ಆ ಜಾಗ ಮನೆಯ ಮಕ್ಕಳಿಗೆಲ್ಲ ಗೊತ್ತು.

ಎರಡನೆಯದು, ಮಗನ ಕೈಗೆ ಬಂದೂಕು ಕೊಟ್ಟು ಭಾವಚಿತ್ರ ತೆಗೆಯಬೇಡಿರಿ. ಗೌಡರ ಮನೆಯ ಬಂದೂಕನ್ನು ಹಿಡಿದು ತೆಗೆಸಿಕೊಂಡ ಚಿತ್ರಗಳನ್ನು ಹುಡುಗರು ಮೊಬೈಲಿನಲ್ಲಿ ಹಂಚಿಕೊಳ್ಳುವುದನ್ನು ನಾವು ಬಲ್ಲೆವು. ಜಾತ್ರೆಯಲ್ಲಿ ಕೇಪಿನ ಪಿಸ್ತೂಲು ಕೊಡಿಸಿದರೆ ಪಾಪವಲ್ಲ. ಆದರೆ ಅದನ್ನು ತಂಗಿಯ ಹಣೆಗೆ ಹಿಡಿದಾಗ ನಗಬೇಡಿರಿ.

ಮೂರನೆಯದು, ಎಲ್ಲಿಯಾದರೂ ಆಯುಧ ಎತ್ತಿದ ಪ್ರಸಂಗ ನಡೆದರೆ, ಎತ್ತಿದವನನ್ನು ದಂಡಿಸುವುದಕ್ಕೆ ಮುಂಚೆ ಎದುರಿಗೆ ನಿಂತವನ ಬಳಿ ಹೋಗಿರಿ. ಅವನನ್ನು ಕೂಡಿಸಿಕೊಂಡು ನೀರು ಕೊಡಿರಿ, ಮಾತನಾಡಲು ಬಿಡಿರಿ. ವಾರದ ಮೇಲೆ ಮತ್ತೆ ಕೇಳಿರಿ, ತಿಂಗಳ ಮೇಲೆ ಮತ್ತೆ ಕೇಳಿರಿ. ನಿದ್ದೆ ಬಾರದಿದ್ದರೆ, ಸದ್ದಿಗೆ ಬೆಚ್ಚಿದರೆ, ಆಟ ಬಿಟ್ಟರೆ, ರಾಯಚೂರಿಗೆ ಕರೆದೊಯ್ದು ಮನೋವೈದ್ಯರಿಗೆ ತೋರಿಸಿರಿ. ಅದಕ್ಕೆ ನಾಚಿಕೆಪಡುವ ಕಾರಣವಿಲ್ಲ; ಮುರಿದ ಕೈಗೆ ಕಟ್ಟು ಹಾಕಿಸಲು ನಾವು ನಾಚುತ್ತೇವೆಯೇ?

ನಾಲ್ಕನೆಯದು ಯುವಕರಿಗೆ. ಗೆತ್ಸೆಮನೆಯ ತೋಪಿನಲ್ಲಿ ಪೇತ್ರನು ಕತ್ತಿಯನ್ನು ಹಿರಿದದ್ದು ದುರುಳತನದಿಂದಲ್ಲ, ಗುರುವಿನ ಮೇಲಿನ ಪ್ರೀತಿಯಿಂದ. ಆದರೂ ಪ್ರಭುವು ಅದನ್ನು ಒರೆಗೆ ಹಾಕೆಂದನು. ಅಷ್ಟಕ್ಕೇ ಬಿಡಲಿಲ್ಲ, ಗಾಯಗೊಂಡ ಆಳಿನ ಕಿವಿಯನ್ನು ಮುಟ್ಟಿ ವಾಸಿ ಮಾಡಿದನು. ಶತ್ರುವಿನ ಕಡೆಯವನೆಂದು ನೋಡಲಿಲ್ಲ, ಪೆಟ್ಟು ತಿಂದವನೆಂದು ನೋಡಿದನು. ಅಂದು ಸಂಜೆ ನಾವು ಮಾಡದೆ ಬಿಟ್ಟದ್ದು ಆ ಎರಡನೆಯ ಕೆಲಸವನ್ನೇ.

ಈ ಕಲ್ಮಲವು ದಾರಿಗಳು ಕವಲೊಡೆಯುವ ಊರು. ರಾಯಚೂರಿನಿಂದ ಬಂದವನು ಇಲ್ಲಿ ದೇವದುರ್ಗದ ದಾರಿಯನ್ನೋ ಮಾನ್ವಿಯ ದಾರಿಯನ್ನೋ ಹಿಡಿಯಬೇಕು. ತಪ್ಪಿದರೆ ಬಹುದೂರ ಹೋದ ಮೇಲಷ್ಟೇ ತಿಳಿಯುತ್ತದೆ. ಹದಿಹರೆಯವೂ ಅಂಥದೇ ಒಂದು ಕವಲು. ಅಲ್ಲಿ ನಿಂತ ಮಗುವಿಗೆ ದಾರಿ ತೋರಿಸುವವರು ಯಾರಾದರೂ ಪಕ್ಕದಲ್ಲಿರಬೇಕು. ನೋಡಿ ನಗುವವರು ಇರಬಾರದು.

ಆ ಹುಡುಗನು ಈಗ ಎರಡು ಮಕ್ಕಳ ತಂದೆ. ವಸತಿನಿಲಯದ ಘಟನೆಯ ನಂತರ ಅವನ ಬಳಿ ನಾವು ಕ್ಷಮೆ ಕೇಳಿದೆವು. ಅವನು ಆಗ ಏನೂ ಹೇಳಲಿಲ್ಲ. ವರುಷಗಳ ಮೇಲೆ, ತನ್ನ ಮಗನ ಜ್ಞಾನಸ್ನಾನಕ್ಕೆ ನಮ್ಮನ್ನೇ ಕರೆದನು. ಕೂಸನ್ನು ಕೈಗಿಡುವಾಗ ಮೆಲ್ಲಗೆ, “ಇವನಿಗೆ ಯಾರೂ ನಗದಂಗ ನೋಡ್ಕೊಳ್ರೀ ಫಾದರ್” ಎಂದನು.

ಪ್ರಿಯ ಬಂಧುಗಳೇ, ಆ ಮಾತನ್ನು ನಾವೊಬ್ಬರೇ ನಡೆಸಲಾರೆವು. ಇಂದು ಅದನ್ನು ತಮ್ಮೆಲ್ಲರ ಕೈಗೆ ಒಪ್ಪಿಸುತ್ತಿದ್ದೇವೆ. ಶಾಂತಿಯ ಪ್ರಭು ತಮ್ಮ ಮನೆಗಳನ್ನೂ ತಮ್ಮ ಮಕ್ಕಳನ್ನೂ ಕಾಪಾಡಲಿ.